ಪಡುಕರೆಯ ಅಂಜಲ್

ಉಡುಪಿ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಕೃಷ್ಣಮಠ, ಕನಕನ ಕಿಂಡಿ, ರಥಬೀದಿ, ಆಮೇಲೆ ಮಸಾಲೆ ದೋಸೆ. ನನಗೂ ಅಷ್ಟೇ ಗೊತ್ತಿತ್ತು. ಆ ಊರಿನಿಂದ ಪಡುವಣಕ್ಕೆ ಆರೇ ಕಿಲೋಮೀಟರ್ ಹೋದರೆ ಮಲ್ಪೆ ಸಿಗುತ್ತದೆ, ಅಲ್ಲಿ ಬೆಳಗಿನ ಜಾವಕ್ಕೇ ಒಂದು ಬೇರೆ ಲೋಕ ಕಣ್ಣು ಬಿಟ್ಟಿರುತ್ತದೆ ಎಂಬುದು ನನ್ನ ತಂಗಿಯನ್ನು ಆ ಕಡೆಗೆ ಕೊಟ್ಟ ಮೇಲೆ ತಿಳಿಯಿತು. ಕೊಟ್ಟು ಹದಿನೆಂಟು ವರ್ಷವಾದರೂ ನಾಲ್ಕು ದಿನ ನಿಂತು ಬಂದದ್ದು ಕಳೆದ ಡಿಸೆಂಬರಿನಲ್ಲಿ ಮಾತ್ರ. ಮಕ್ಕಳ ಪರೀಕ್ಷೆ, ಮನೆಯವರ ರಜೆ, ಅತ್ತೆಯವರ ಮಂಡಿನೋವು. ನಿಮಗೆ ಬಿಡಿಸಿ ಹೇಳಬೇಕೇ?

ಮೀನು ತಿನ್ನದ ಸೋದರಿಯರು ಈ ಪುಟ ಮಗುಚಿ ಮುಂದೆ ಹೋಗಬಹುದು, ಬೇಸರವಿಲ್ಲ. ಆದರೆ ಕಾವಲಿಯ ವಿಷಯ ಬರುವಲ್ಲಿ ಸ್ವಲ್ಪ ನಿಲ್ಲಿ. ಅದು ದೋಸೆಗೂ ಸಲ್ಲುವ ಮಾತು.

ಮೊದಲು ನನ್ನ ಅಪರಾಧ ಒಪ್ಪಿಕೊಂಡುಬಿಡುತ್ತೇನೆ. ನಾನು ಅರಸೀಕೆರೆ ಕಡೆಯವಳು. ನಮ್ಮಲ್ಲಿ ಮೀನೆಂದರೆ ಕೆರೆಮೀನು. ಗೆಂಡೆ, ಕಟ್ಲಾ, ಅದೃಷ್ಟವಿದ್ದರೆ ಕೊರವ. ಹುಳಿ, ಖಾರ ಮುಂದಾಗಿ ಸಾರು ಮಾಡಿ ಮುದ್ದೆಗೆ ಹಾಕಿದರೆ ಅದಕ್ಕೆ ಸಾಟಿಯಿಲ್ಲ. ಹುರಿಯುವ ವಿದ್ಯೆ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ನಮ್ಮ ಮನೆಯವರು ಆಸೆಯಿಂದ ಸಮುದ್ರದ ಮೀನು ತಂದರು. ಹೆಂಚಿನ ಮೇಲೆ ಹಾಕಿದೆ, ಅಂಟಿತು. ಕೆರೆದೆ, ಪುಡಿಯಾಯಿತು. ಆರು ತುಂಡು ಹಾಕಿದ್ದು, ತಟ್ಟೆಗೆ ಬಂದದ್ದು ಉಪ್ಪಿಟ್ಟಿನಂಥ ಒಂದು ರಾಶಿ. "ಮೀನಿನ ಪಲ್ಯ ಚೆನ್ನಾಗಿದೆ" ಎಂದರು. ತಮಾಷೆಗೇ ಅಂದದ್ದು, ಹಾಗಂತ ಮರೆಯಲಾಗುತ್ತದೆಯೇ? ಆಮೇಲೆ ಇಪ್ಪತ್ತು ವರ್ಷ ಹೆಂಚಿಗೆ ಮೀನು ಹಾಕಲಿಲ್ಲ.

ಶಿರಾಡಿ ಘಾಟಿ ಇಳಿದು, ಮಂಗಳೂರು ದಾಟಿ ಉಡುಪಿ ಮುಟ್ಟುವ ಹೊತ್ತಿಗೆ ಸೊಂಟ ಹಿಡಿದಿತ್ತು. ಅಲ್ಲಿಂದ ಮಲ್ಪೆಗೆ ಸಿಟಿ ಬಸ್ಸು. ಮಲ್ಪೆಯಲ್ಲಿ ಹೊಳೆ ಸಮುದ್ರ ಸೇರುತ್ತದೆ. ಆ ಹೊಳೆಯ ಆಚೆ ದಡವೇ ಪಡುಕರೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಸೀರೆಯ ಸೆರಗಿನಷ್ಟು ನೆಲ. ಆ ನೆಲದ ಮೇಲೆ ತೆಂಗಿನ ಮರ, ಮನೆ, ಒಂದು ರಸ್ತೆ. ಈಗ ಸೇತುವೆಯಿದೆ, ಆಟೋ ಮನೆ ಬಾಗಿಲಿಗೇ ಬರುತ್ತದೆ. ರಾತ್ರಿ ಮಲಗಿದರೆ ಅಲೆಯ ಸದ್ದು ದಿಂಬಿನ ಕೆಳಗೇ ಇದ್ದಂತೆ. ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕನೆಯ ರಾತ್ರಿಯ ಹೊತ್ತಿಗೆ ಅದಿಲ್ಲದೆ ಊರಿನಲ್ಲಿ ಹೇಗೆ ಮಲಗುವುದು ಎಂಬ ಚಿಂತೆ!

ತಂಗಿಯ ಅತ್ತೆಗೆ ಎಪ್ಪತ್ತೈದರ ಹತ್ತಿರ. ಮನೆಯವರಂತೆ ನಾನೂ ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದ ಜೀವ. ಈಗಲೂ ನಡೆಯುವಾಗ ಕುತ್ತಿಗೆ ಅಲುಗುವುದಿಲ್ಲ, ಬುಟ್ಟಿ ಇನ್ನೂ ಇದ್ದಂತೆ. "ಮೀನು ಹುರಿಯಲಿಕ್ಕೆ ಬರುವುದಿಲ್ಲವಂತೆ ಅಕ್ಕನಿಗೆ" ಎಂದು ತಂಗಿ ನನ್ನ ಗುಟ್ಟು ರಟ್ಟು ಮಾಡಿದಳು. ಅಮ್ಮ ನಗಲಿಲ್ಲ. "ನಾಳೆ ಬೆಳಿಗ್ಗೆ ಬಂದರಿಗೆ ಬಾ" ಎಂದರು ಅಷ್ಟೇ.

ಬಂದರಿನ ಬೆಳಗನ್ನು ನೀವು ಒಮ್ಮೆ ನೋಡಬೇಕು. ಸಾಲುಸಾಲಾಗಿ ನಿಂತ ದೋಣಿಗಳು, ಬಣ್ಣಬಣ್ಣದ ಕ್ರೇಟುಗಳು, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಅಬ್ಬರ, ಏಲಂ ಕೂಗುವವರ ಗಂಟಲು. ನೆಲವೆಲ್ಲ ನೀರು. ನನ್ನ ಚಪ್ಪಲಿ ಎರಡು ಸಲ ಜಾರಿತು, ಅಮ್ಮನ ಬರಿಗಾಲು ಒಮ್ಮೆಯೂ ಜಾರಲಿಲ್ಲ. ಬಂಗುಡೆಯ ರಾಶಿ, ಬೂತಾಯಿಯ ರಾಶಿ, ಕೆಂಪು ಮೀನು, ಸಿಗಡಿ ಎಲ್ಲ ದಾಟಿ ಅವರು ನಿಂತದ್ದು ಅಂಜಲ್ ಮುಂದೆ. ಉದ್ದನೆಯ ಬೆಳ್ಳಿ ಮೈ, ಪಕ್ಕೆಯಲ್ಲಿ ಮಸುಕಾದ ಅಡ್ಡಗೆರೆ, ತೆಗೆಯಬೇಕಾದಂಥ ಹುರುಪೆಯೇ ಇಲ್ಲ. ಮುಂಬಯಿಯವರು ಸುರ್ಮಯಿ ಎನ್ನುವುದು, ತಮಿಳರು ವಂಜಿರಂ ಎನ್ನುವುದು, ಕೇರಳದಲ್ಲಿ ನೆಯ್‌ಮೀನ್ ಎನ್ನುವುದು ಇದನ್ನೇ. ನೆಯ್ ಎಂದರೆ ತುಪ್ಪ. ತಿಂದವರಿಗೆ ಆ ಹೆಸರು ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಅಡ್ಡಕ್ಕೆ ಕತ್ತರಿಸಿದರೆ ನಡುವೆ ಒಂದು ದುಂಡು ಮೂಳೆ, ಸುತ್ತ ಬರಿಯ ಮಾಂಸ. ಮುಳ್ಳಿಗೆ ಹೆದರುವ ನಮ್ಮಂಥ ಘಟ್ಟದ ಮೇಲಿನವರಿಗೆ ಹೇಳಿ ಮಾಡಿಸಿದ ಮೀನು.

ಅಮ್ಮ ಮೀನಿನ ಕಿವಿರನ್ನು ಎತ್ತಿ ನೋಡಿದರು. ಒಳಗೆ ಕಡುಗೆಂಪು. ಕಣ್ಣು ಉಬ್ಬಿ ಹೊಳೆಯುತ್ತಿತ್ತು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೆದ್ದಿತು. ಮೂಗಿನ ಹತ್ತಿರ ಹಿಡಿದು ನನಗೂ ಮೂಸಲು ಹೇಳಿದರು. ಮೀನು ನಾರುತ್ತಿರಲಿಲ್ಲ. ಉಪ್ಪುನೀರಿನ ವಾಸನೆ ಅಷ್ಟೇ. "ನಾರುವುದು ಮೀನಲ್ಲ ಮಾರಾಯ್ತಿ, ತಡ" ಎಂದರು.

ಮಾರುವವಳೂ ಇವರನ್ನು ಅಕ್ಕ ಎನ್ನುತ್ತಾಳೆ, ಇವರೂ ಅವಳನ್ನು ಅಕ್ಕ ಎನ್ನುತ್ತಾರೆ, ನಡುವೆ ಹತ್ತು ನಿಮಿಷ ಜಗಳದಂಥ ಚೌಕಾಶಿ. ಎರಡು ಕಿಲೋದ ಮೀನಿಗೆ ಕೊಟ್ಟ ದುಡ್ಡು ನೋಡಿ ನನ್ನ ಎದೆ ಧಸಕ್ಕೆಂದಿತು. ಅಂಜಲ್ ಬಡವರ ಮೀನಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಂತೂ ಅದರ ಬೆಲೆ ಕೇಳುವುದೇ ಬೇಡ. ಅಂಥ ಮೀನನ್ನು ಹೆಂಚಿನ ಮೇಲೆ ಪಲ್ಯ ಮಾಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮನೆಗೆ ಬಂದು ಅಮ್ಮ ಮೆಟ್ಟುಕತ್ತಿಯ ಮೇಲೆ ಕುಳಿತರು. ತುಂಡು ಅರ್ಧ ಅಂಗುಲ ದಪ್ಪ ಇರಬೇಕು, ಎಲ್ಲವೂ ಒಂದೇ ಸಮ. ತೆಳ್ಳಗಾದರೆ ಒಣಗಿ ಮುರಿಯುತ್ತದೆ, ದಪ್ಪವಾದರೆ ಹೊರಗೆ ಕರಿ, ಒಳಗೆ ಹಸಿ. ನಿಮ್ಮ ಊರಿನಲ್ಲಿ ಅಂಗಡಿಯವನೇ ಕತ್ತರಿಸಿ ಕೊಡುತ್ತಾನಾದರೆ ಬಾಯಿ ಬಿಟ್ಟು ಹೇಳಿ, ನಾಚಬೇಡಿ.

ಅರ್ಧ ಕಿಲೋ ತುಂಡಿಗೆ ಅಮ್ಮನ ಅಳತೆ ಇದು. (ಅವರದು ಕೈಯಳತೆ. ಚಮಚದ ಲೆಕ್ಕ ನಾನು ಪಕ್ಕದಲ್ಲಿ ಕುಳಿತು ಬರೆದುಕೊಂಡದ್ದು.) ಬಿಸಿನೀರಿನಲ್ಲಿ ನೆನೆಸಿದ ಬ್ಯಾಡಗಿ ಮೆಣಸಿನಕಾಯಿ 10, ಬೆಳ್ಳುಳ್ಳಿ 8 ಎಸಳು, ಗೋಲಿ ಗಾತ್ರದ ಹುಣಿಸೆಹಣ್ಣು, ಕೊತ್ತಂಬರಿ ಬೀಜ 1 ಚಮಚ, ಕಾಳುಮೆಣಸು ಅರ್ಧ ಚಮಚ, ಜೀರಿಗೆ ಕಾಲು ಚಮಚ, ಅರಿಸಿನ ಅರ್ಧ ಚಮಚ, ಉಪ್ಪು. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಚಟ್ನಿಗಿಂತ ಗಟ್ಟಿಯಾಗಿ ಅರೆದು, 1 ಚಮಚ ಅಕ್ಕಿಹಿಟ್ಟು ಸೇರಿಸಿ. ಅದರಿಂದ ಮಸಾಲೆ ತುಂಡಿಗೆ ಕಚ್ಚಿಕೊಳ್ಳುತ್ತದೆ. ಬ್ಯಾಡಗಿ ಇಲ್ಲದೆ ಬೇರೆ ಖಾರದ ಮೆಣಸು ಹಾಕಿದರೆ ಬಣ್ಣವೂ ಬರದು, ಬಾಯಿಯೂ ಉರಿದೀತು.

ಇನ್ನು ನಾನು ಇಪ್ಪತ್ತು ವರ್ಷದ ಹಿಂದೆ ಮಾಡಿದ ಮೊದಲ ತಪ್ಪು. ತೊಳೆದ ಮೀನನ್ನು ನೀರು ತೊಟ್ಟಿಕ್ಕುತ್ತಿರುವಂತೆಯೇ ಮಸಾಲೆಗೆ ಹಾಕಿದ್ದೆ. ಅಮ್ಮ ಪ್ರತಿ ತುಂಡನ್ನೂ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದರು, ಮಗುವಿನ ಮೈ ಒರೆಸಿದ ಹಾಗೆ. ನೀರಿದ್ದರೆ ಕಾವಲಿಯ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಮೀನು ಬೇಯುತ್ತದೆ, ಹುರಿಯುವುದಿಲ್ಲ. ಮಸಾಲೆ ಸವರಿ ಅರ್ಧ ಗಂಟೆ ಇಟ್ಟರೆ ಸಾಕು. ಬೆಳಿಗ್ಗೆ ಹಚ್ಚಿ ರಾತ್ರಿ ಹುರಿದರೆ ರುಚಿ ಹೆಚ್ಚು ಅಂತೀರಾ? ಇಲ್ಲ. ಹುಣಿಸೆಯ ಹುಳಿಗೆ ಮೇಲಿನ ಮಾಂಸ ಮೆತ್ತಗಾಗಿ ಹುಡಿಯಾಗುತ್ತದೆ.

ಎರಡನೆಯ ತಪ್ಪು ಕಾವಲಿಯದು. ಅಮ್ಮನ ಕಬ್ಬಿಣದ ಕಾವಲಿ ಅವರ ಮದುವೆಯಾದ ವರ್ಷದ್ದು. ಕನ್ನಡಿಯ ಹಾಗೆ ನುಣುಪು, ಕಾಡಿಗೆಯ ಹಾಗೆ ಕಪ್ಪು. ಸೋಪು, ತಂತಿ ಬ್ರಷ್ಷು ಅದಕ್ಕೆ ತಾಗಿದ್ದೇ ಇಲ್ಲ. ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲಿಟ್ಟು ಒಣಗಿಸಿ, ಎಣ್ಣೆ ಸವರಿ ಇಡುವುದು. ನಾವಾದರೋ ಥಳಥಳ ಹೊಳೆಯಬೇಕೆಂದು ತಿಕ್ಕಿ ತಿಕ್ಕಿ ಅದರ ಚರ್ಮವನ್ನೇ ಸುಲಿದಿಡುತ್ತೇವೆ, ಆಮೇಲೆ ದೋಸೆ ಏಳುವುದಿಲ್ಲವೆಂದು ಅಕ್ಕಿಯನ್ನು ಬೈಯುತ್ತೇವೆ. ಅಂಟದ ಲೇಪದ ತವಾ ಇರುವವರಿಗೆ ಈ ಚಿಂತೆ ಇಲ್ಲ, ಆದರೆ ಅದರಲ್ಲಿ ಅಂಥ ಗರಿಮುರಿ ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಕಾವಲಿ ಚೆನ್ನಾಗಿ ಕಾಯಬೇಕು. ನೀರಿನ ಹನಿ ಚಿಮುಕಿಸಿದರೆ ಕುಣಿದು ಮಾಯವಾಗಬೇಕು. ಆಮೇಲೆ ಎರಡು ಚಮಚ ತೆಂಗಿನೆಣ್ಣೆ. ಎಣ್ಣೆ ಕಾದ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ, ತುಂಡಿಗೂ ತುಂಡಿಗೂ ಎರಡು ಬೆರಳು ಜಾಗ ಬಿಟ್ಟು ಇಡುವುದು. ಒತ್ತೊತ್ತಾಗಿ ಇಟ್ಟರೆ ಮತ್ತೆ ಆವಿಯ ಕಾಟವೇ.

ತುಂಡು ಇಟ್ಟೆ. ಚುರ್ ಎಂದಿತು. ಕೂಡಲೇ ನನ್ನ ಕೈ ದೋಸೆ ಮಗುಚುವ ಕೈಯನ್ನು ಹಿಡಿದು ಅಡಿಗೆ ತೂರಿಸಲು ಹೋಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಟಬೇಡ."

"ತಳ ಹಿಡಿಯುತ್ತದಲ್ಲ ಅಮ್ಮ?"

"ಹಿಡೀಲಿ. ಬಿಡುವ ಹೊತ್ತಿಗೆ ಅದೇ ಬಿಡ್ತದೆ."

ಇಷ್ಟೇ ನೋಡಿ ವಿದ್ಯೆ! ಹಸಿ ಮೀನು ಬಿಸಿ ಕಬ್ಬಿಣಕ್ಕೆ ಮೊದಲು ಅಂಟಿಯೇ ಅಂಟುತ್ತದೆ. ಅಡಿಭಾಗ ಹುರಿದು ಗಟ್ಟಿ ಹೊರಪದರವಾದ ಮೇಲೆ ತಾನಾಗಿ ಸಡಿಲಗೊಳ್ಳುತ್ತದೆ. ನಡುವಿನ ಆ ಮೂರು ನಾಲ್ಕು ನಿಮಿಷ ನಮಗೆ ತಾಳ್ಮೆಯಿಲ್ಲ. ಕೆದಕುತ್ತೇವೆ, ಹರಿಯುತ್ತದೆ. ನಾಲ್ಕು ನಿಮಿಷ ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತೆ. ಕಾವಲಿಯನ್ನು ಮೆಲ್ಲಗೆ ಅಲುಗಿಸಿದಾಗ ತುಂಡು ದೋಣಿಯ ಹಾಗೆ ಜಾರಿತು. ಮಗುಚಿದರೆ ಇಟ್ಟಿಗೆ ಬಣ್ಣ, ಅಂಚಿನಲ್ಲಿ ಕಂದು. ಇನ್ನೊಂದು ಮಗ್ಗುಲಿಗೆ ಮೂರು ನಿಮಿಷ, ಕೊನೆಗೆ ಒಂದು ಎಸಳು ಕರಿಬೇವು. ಬೆಂದಿತೇ ಎಂದು ನೋಡಲು ಮಧ್ಯದ ಮೂಳೆಯ ಪಕ್ಕ ಚಾಕುವಿನ ತುದಿ ಹಾಕಿ. ಗಾಜಿನಂತೆ ಕಾಣುತ್ತಿದ್ದ ಮಾಂಸ ಬೆಳ್ಳಗಾಗಿ ಮೂಳೆಯಿಂದ ಬಿಟ್ಟರೆ ಆಯಿತು. ಮಕ್ಕಳಿಗೆ ಖಾರ ಬೇಡವಾದರೆ ಮಸಾಲೆ ತೆಳ್ಳಗೆ ಸವರಿ ಮೇಲೆ ಚಿರೋಟಿ ರವೆ ಒತ್ತಿ ಹುರಿಯಬಹುದು. ಅದೂ ಅಲ್ಲಿನ ಪದ್ಧತಿಯೇ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ತಲೆ ಮತ್ತು ಬಾಲ ಹಾಕಿದ ಸಾರು, ಹುರಿದ ತುಂಡು. ಮೀನಿನ ನಡುಭಾಗದ ತುಂಡುಗಳು ದೊಡ್ಡವು, ದುಂಡಗೆ ಚೆಂದ. ಬಾಲದ ಕಡೆಗೆ ಹೋದಂತೆ ಚಿಕ್ಕವು. ತಂಗಿ ಅಮ್ಮನ ತಟ್ಟೆಗೆ ಒಂದು ನಡು ತುಂಡು ಹಾಕಿದಳು. ಅವಳು ಆಚೆ ತಿರುಗಿದ್ದೇ ತಡ, ಅದು ಮೊಮ್ಮಗನ ತಟ್ಟೆಯಲ್ಲಿತ್ತು! ಅಮ್ಮ ಸಾರಿನೊಳಗಿನ ತಲೆಯನ್ನು ಬಿಡಿಸುತ್ತಾ ಕುಳಿತಿದ್ದರು. "ಯಾವಾಗಲೂ ಹೀಗೇ ಅಕ್ಕ" ಎಂದು ತಂಗಿ ಗೊಣಗಿದಳು. "ತಲೆಯೇ ರುಚಿ" ಎಂದರು ಅಮ್ಮ.

ಸಂಜೆ ಮರಳಿನ ಮೇಲೆ ಕುಳಿತಾಗ ಕೇಳಿದೆ. ಅವರು ಒಂದೊಂದೇ ಹೇಳಿದರು. ಅವರು ಮದುವೆಯಾಗಿ ಬಂದಾಗ ರಂಪಣಿಯ ಕಾಲ. ಉದ್ದನೆಯ ಬಲೆಯನ್ನು ಕಡಲಿಗೆ ಬಿಟ್ಟು ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವುದು. ಮೀನು ಮನೆಯ ಮುಂದಿನ ಮರಳಿಗೇ ಬಂದು ಬೀಳುತ್ತಿತ್ತು, ಹೆಂಗಸರು ಅಲ್ಲೇ ಬುಟ್ಟಿ ತುಂಬಿಕೊಂಡು ಹೊರಡುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದವು, ರಂಪಣಿ ಮೂಲೆ ಸೇರಿತು. ಮೀನು ದಡ ಬಿಟ್ಟು ಬಂದರಿಗೆ ಹೋಯಿತು. ಅಲ್ಲಿ ಏಲಂ. ಕೈಯಲ್ಲಿ ದುಡ್ಡಿಲ್ಲದವರಿಗೆ ಬುಟ್ಟಿ ತುಂಬದು. ಬಡ್ಡಿಗೆ ಸಾಲ ತಂದು ಮೀನು ಹಿಡಿದರೆ, ನೀರು ಸೋರುತ್ತದೆಂದು ಬಸ್ಸಿನವರು ಹತ್ತಿಸುತ್ತಿರಲಿಲ್ಲ. ನಡೆದೇ ಹೋದದ್ದು, ಮನೆ ಮನೆ ಸುತ್ತಿದ್ದು.

"ಅಂಜಲ್ ಮಾರಲಿಕ್ಕೆ, ಬೂತಾಯಿ ತಿನ್ನಲಿಕ್ಕೆ" ಎಂದರು. ಯಾವಾಗಲಾದರೂ ಮಾರಿ ಉಳಿದ ಅಂಜಲ್ ಮನೆಗೆ ಬಂದರೆ ನಡು ತುಂಡು ಗಂಡನಿಗೆ, ಆಮೇಲಿನದು ಗಂಡುಮಕ್ಕಳಿಗೆ. ತಲೆ ತನಗೆ. "ಯಾರೂ ಹೇಳಲಿಲ್ಲ ಮಾರಾಯ್ತಿ, ಹಾಗೇ ಆಯ್ತು."

ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ಹರಿದ ದೋಸೆ ಯಾರಿಗೆ? ಸೀದ ರೊಟ್ಟಿ ಯಾರಿಗೆ? ನಿಮ್ಮ ಮನೆಯಲ್ಲಿ? ಯಾರೂ ಹೇಳಿಲ್ಲ, ಹಾಗೇ ಆಗಿದೆ. ಅಂದು ಮೀನು ಪುಡಿಯಾದಾಗಲೂ, ಕಾವಲಿಗೆ ಅಂಟಿದ್ದನ್ನು ಕೆರೆದು ತಿಂದವಳು ನಾನೇ.

ಮಾರನೆಯ ದಿನ ಎಲ್ಲರೂ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದೆವು. ಲಾವಾ ಆರಿ ಸೀಳಿ ಆದ ಕಪ್ಪು ಕಲ್ಲಿನ ಕಂಬಗಳು ಅಚ್ಚಿನಲ್ಲಿ ಹೊಯ್ದಂತೆ ನಿಂತಿವೆ, ಮಕ್ಕಳಿಗೆ ಬಹಳ ಖುಷಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಹೋಗುವವರು ಟೋಪಿ, ನೀರು ಮರೆಯಬೇಡಿ. ನನ್ನ ಮನಸ್ಸು ಮಾತ್ರ ಅಡಿಗೆಮನೆಯಲ್ಲೇ ಇತ್ತು.

ಹೊರಡುವ ಹಿಂದಿನ ರಾತ್ರಿ ಪೂರಾ ಅಡಿಗೆ ನನ್ನದು. ಒಂಬತ್ತು ತುಂಡು ಹುರಿದೆ, ಒಂದೂ ಮುರಿಯಲಿಲ್ಲ. ಅಮ್ಮನ ತಟ್ಟೆಗೆ ನಡು ತುಂಡು ಹಾಕಿ ಅಲ್ಲಿಂದ ಕದಲದೆ ನಿಂತೆ. ಅವರು ಆಚೀಚೆ ನೋಡಿದರು. "ಮಗುವಿಗೆ ಇರಲಿ" ಎಂದರು. ಮಗುವಿನ ತಟ್ಟೆಯಲ್ಲಿ ಅಷ್ಟೇ ದೊಡ್ಡದು ಇತ್ತು. ಎಲ್ಲರ ತಟ್ಟೆಯಲ್ಲೂ ಇತ್ತು. ಮತ್ತೇನು ಹೇಳಲೂ ತೋಚದೆ ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ತಿಂದರು. ನಡುವಿನ ದುಂಡು ಮೂಳೆಯನ್ನೂ ಬಿಡದೆ ಚೀಪಿ ತಟ್ಟೆಯ ಅಂಚಿಗಿಟ್ಟರು. "ಉಪ್ಪು ಸ್ವಲ್ಪ ಕಮ್ಮಿ" ಎಂದರು.

ಊರಿಗೆ ಮೀನು ಕಟ್ಟಿಕೊಡಲೇ ಎಂದು ತಂಗಿ ಕೇಳಿದಾಗ ಅಮ್ಮನೇ ಬೇಡವೆಂದರು. ಈ ಮಾತು ನಮ್ಮಂಥ ಒಳನಾಡಿನವರಿಗೆ ಬಹಳ ಮುಖ್ಯ. ಅಂಜಲ್, ಬಂಗುಡೆ, ಟ್ಯೂನಾ ಈ ಜಾತಿಯ ಮೀನುಗಳು ಮಂಜುಗಡ್ಡೆಯಿಲ್ಲದೆ ಕೆಲವು ಗಂಟೆ ಇದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ಮೈ ತುರಿಸುವುದು, ತಲೆನೋವು, ಎದೆ ಡವಗುಟ್ಟುವುದು ಕಾಣಿಸಿಕೊಂಡರೆ ವೈದ್ಯರಲ್ಲಿಗೆ ಹೋಗಿ. ನಮ್ಮ ಊರಿಗೆ ಲಾರಿಯಲ್ಲಿ ಬರುವ ಮೀನು ಮಂಜುಗಡ್ಡೆಯಲ್ಲಿ ಹುದುಗಿರಬೇಕು, ಅದರ ಮೇಲೆ ಸುಮ್ಮನೆ ಇಟ್ಟಿದ್ದರೆ ಸಾಲದು. ಕತ್ತರಿಸಿದ ತುಂಡಾದರೆ ಮಾಂಸ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಫ್ರೀಜರಿನಲ್ಲಿ ಗಟ್ಟಿಯಾದದ್ದನ್ನು ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ಕರಗಿಸಿ, ಅಡಿಗೆ ಕಟ್ಟೆಯ ಮೇಲೆ ಬೇಡ. ಕರಗಿದ ಮೀನು ನೀರು ಹೆಚ್ಚು ಬಿಡುತ್ತದೆ, ಎರಡು ಸಲ ಒರೆಸಿ.

ಬಂದ ಮೇಲೆ ಎರಡು ವಾರ ನನ್ನ ಹಳೆಯ ಹೆಂಚನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸಿದೆ. ಮೂರನೆಯ ಭಾನುವಾರ ಅರ್ಧ ಕಿಲೋ ಅಂಜಲ್ ತರಿಸಿದೆ. ಆರು ತುಂಡು, ಮನೆಯಲ್ಲಿ ಐವರು. ಮೊದಲನೆಯದನ್ನು ಇಟ್ಟು ಗಡಿಯಾರ ನೋಡುತ್ತಾ ಕೈ ಕಟ್ಟಿ ನಿಂತೆ. ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ಇಣುಕಿ, "ತಳ ಹಿಡೀತಾ ಇದೆ, ವಾಸನೆ ಬರ್ತಿದೆ" ಎಂದರು. "ಹಿಡೀಲಿ" ಎಂದೆ.

ರಾತ್ರಿ ಪಡುಕರೆಗೆ ಫೋನು ಮಾಡಿದೆ. ಅಮ್ಮನೇ ತೆಗೆದುಕೊಂಡರು.

"ಮುರೀತಾ?"

"ಇಲ್ಲ ಅಮ್ಮ, ಆರಕ್ಕೆ ಆರೂ ಇಡಿಯಾಗಿ ಬಂತು."

"ನಡು ತುಂಡು ಯಾರಿಗೆ?"

"ಒಂದು ನನಗೆ."

ಆ ಕಡೆ ಸ್ವಲ್ಪ ಹೊತ್ತು ಅಲೆಯ ಸದ್ದು ಮಾತ್ರ ಕೇಳಿಸಿತು.

"ಉಪ್ಪು ಸರಿ ಇತ್ತಾ?" ಎಂದರು.